ಹಳೇ ಸಾಲಿಯ ಸುಣ್ಣದ ಗೆರೆ

“ಗುಡ್ಡೀ, ಲಗೂ ಬಾ! ನಮ್ಮ ಗ್ರೌಂಡಿಗೆ ಗೆರಿ ಹೊಡದಾರ!”

ಯಲ್ಲಾರಿ ಇನ್ನೂ ಓಣಿಯ ತುದಿಯಲ್ಲೇ ಇದ್ದ. ಅವನ ಕೂಗು ಮಾತ್ರ ಆಗಲೇ ಗುಡಿಸಲಿನೊಳಗೆ ಬಂದಾಗಿತ್ತು. ಗುಡ್ಡವ್ವ ಕೈಯಲ್ಲಿದ್ದ ಅರ್ಧ ರೊಟ್ಟಿಯನ್ನು ಸುರುಳಿ ಸುತ್ತಿ ಬಾಯಿಗೆ ತುರುಕಿಕೊಂಡು ಹೊರಗೆ ಹಾರಿದಳು.

“ಅಗದು ನುಂಗ! ಗಂಟಲಿಗೆ ಸಿಕ್ಕೊಂಡೀತು!” ಎಂದು ಒಳಗಿನಿಂದ ಆಯಿ ಕೂಗಿದಳು. ಆಯಿ ಅಂದರೆ ಅಪ್ಪನ ಅವ್ವ, ಉದ್ದವ್ವ. ಹೆಸರು ಉದ್ದವಾದರೂ ಆಳು ಗಿಡ್ಡ. ಆದರೆ ಅವಳ ಮಾತು ಮೀರುವ ಗಂಡಸು ಆ ಹೊಳೆದಂಡೆ ಓಣಿಯಲ್ಲಿ ಇನ್ನೂ ಹುಟ್ಟಿರಲಿಲ್ಲ.

ಗುಡ್ಡಿಗೆ ಆ ಮಾತು ಕೇಳಿಸಿದ್ದರೆ ತಾನೆ! ಅವಳು ಆಗಲೇ ಹಳೇ ಸಾಲಿಯ ದಾರಿ ಹಿಡಿದಿದ್ದಳು.

ಹಳೇ ಸಾಲಿ ಅಂದರೆ ಈಗ ಸಾಲಿಯಲ್ಲ. ಹತ್ತರಗಿಯಿಂದ ಬರುವ ರಸ್ತೆಯ ಬದಿಗೆ ಹೊಸ ಶಾಲೆ ಕಟ್ಟಿದ ಮೇಲೆ ಇದರ ಹಂಚು, ತೊಲೆ, ಕರಿಹಲಗೆ ಎಲ್ಲವೂ ಅಲ್ಲಿಗೆ ಹೋದವು. ಉಳಿದ ಮಣ್ಣಿನ ಗೋಡೆಗಳು ಮಳೆಗೆ ಕರಗಿ ನೆಲ ಸೇರಿದವು. ಈಗ ಅಲ್ಲಿರುವುದು ಒಂದು ಬೇವಿನ ಮರ ಮತ್ತು ಅಗಲವಾದ ಬಯಲು. ದೊಡ್ಡವರ ಕಣ್ಣಿಗೆ ಅದು ಹಾಳು ಜಾಗ. ಮಕ್ಕಳ ಕಣ್ಣಿಗೆ ಅದೇ ಫುಟ್‌ಬಾಲ್ ಗ್ರೌಂಡು.

ಊರಿನೊಳಗಿನ ಹುಡುಗರೂ ಹೊಳೆದಂಡೆ ಓಣಿಯ ಹುಡುಗರೂ ಒಂದೇ ಚೆಂಡಿನ ಹಿಂದೆ ಓಡುವ ಜಾಗ ಅದೊಂದೇ ಆಗಿತ್ತು. ಚೆಂಡು ತವನಪ್ಪನದು. ಗೋಕಾಕ ಫಾಲ್ಸಿನ ಗಿರಣಿಯಲ್ಲಿ ಕೆಲಸ ಮಾಡುವ ಅವನ ಸೋದರಮಾವ ಹಳೆಯ ಚರ್ಮದ ಚೆಂಡೊಂದನ್ನು ತಂದುಕೊಟ್ಟಿದ್ದ. ಸೈಕಲ್ ಪಂಪಿನಿಂದ ಗಾಳಿ ತುಂಬಬೇಕು. ಒಂದಾಟ ಮುಗಿಯುವ ಹೊತ್ತಿಗೆ ಅದು ಅರ್ಧ ಮೆತ್ತಗಾಗಿರುತ್ತಿತ್ತು. ಆದರೂ ಅಂಥ ಚೆಂಡು ಸುತ್ತ ಹತ್ತು ಹಳ್ಳಿಯಲ್ಲಿ ಇರಲಿಲ್ಲ.

ಗೋಲ್‌ಕೀಪರ್ ಗುಡ್ಡಿ. “ಹುಡುಗಿ ಗೋಲ್‌ಕೀಪರ್ ಏನು?” ಎಂದು ಮೊದಮೊದಲು ನಕ್ಕವರಿದ್ದರು. ಅವಳ ಅವ್ವ ಸೀತವ್ವ ಇಟ್ಟಂಗಿ ಭಟ್ಟಿಗೆ ಕೂಲಿಗೆ ಹೋಗುತ್ತಾಳೆ. ಶಾಲೆಯ ಸೂಟಿಯಲ್ಲಿ ಗುಡ್ಡಿಯೂ ಹೋಗಿ, ಅವ್ವ ಮೇಲಿನಿಂದ ಎಸೆದ ಇಟ್ಟಂಗಿಯನ್ನು ಕೆಳಗೆ ನಿಂತು ಹಿಡಿದು ಒಟ್ಟುತ್ತಾಳೆ. ಇಟ್ಟಂಗಿ ಹಿಡಿದ ಕೈಗೆ ಚೆಂಡು ಯಾವ ಲೆಕ್ಕ? ನಕ್ಕವರು ಬೇಗ ಸುಮ್ಮನಾದರು.

ಬಯಲಿಗೆ ಬಂದ ಗುಡ್ಡಿ ಅಲ್ಲೇ ನಿಂತುಬಿಟ್ಟಳು.

ಯಲ್ಲಾರಿ ಹೇಳಿದ್ದು ಖರೆ. ಕೆಂಪು ಮಣ್ಣಿನ ಮೇಲೆ ಬೆಳ್ಳನೆಯ ಸುಣ್ಣದ ಗೆರೆಗಳು. ಒಂದಲ್ಲ, ಎರಡಲ್ಲ. ಉದ್ದಕ್ಕೆ, ಅಡ್ಡಕ್ಕೆ, ಬಯಲ ತುಂಬ.

“ರಾಜಪ್ಪ ಮಾಸ್ತರ ಹೊಡಿಸ್ಯಾರ!” ಎಂದು ತವನಪ್ಪ ಚೆಂಡು ಬಗಲಲ್ಲಿ ಇಟ್ಟುಕೊಂಡು ಕುಣಿಯುತ್ತಿದ್ದ. “ಸಾಲಿ ಸುರು ಆಗೂದ್ರಾಗ ಸುಣ್ಣ ಕೊಡತೇನಿ ಅಂದಿದ್ರು. ನಮಗ ಹೇಳದ ಹೊಡಿಸಿಬಿಟ್ಟಾರ! ಫಾಲ್ಸ್ ಟೀಮ್ ಬರ್ಲಿ ಈಗ, ನೋಡೂಣು!”

ಫಾಲ್ಸಿನ ಗಿರಣಿ ಚಾಳಿನ ಹುಡುಗರು ಮುಂದಿನ ತಿಂಗಳು ಆಡಲು ಬರುತ್ತೇವೆ ಎಂದು ಮಾತು ಕೊಟ್ಟಿದ್ದರು. ಅವರ ಊರಿನಲ್ಲಿ ಗೆರೆ ಇರುವ ಗ್ರೌಂಡ್ ಇದೆಯಂತೆ. ಗೆರೆ ಇಲ್ಲದ ಗ್ರೌಂಡಿನಲ್ಲಿ ಅವರನ್ನು ಹೇಗೆ ಆಡಿಸುವುದು ಅನ್ನುವ ಚಿಂತೆಯಲ್ಲಿ ತವನಪ್ಪನಿಗೆ ಊಟವೇ ಸೇರುತ್ತಿರಲಿಲ್ಲ. ಹಾಗೆಂದು ಅವನೇ ಹೇಳುತ್ತಿದ್ದ. ಅವನ ಗಲ್ಲ ನೋಡಿದರೆ ಹಾಗೆ ಕಾಣುತ್ತಿರಲಿಲ್ಲ.

“ಆದ್ರ ಇಷ್ಟ್ಯಾಕ ಗೆರಿ ಅದಾವ?” ಎಂದು ಗುಡ್ಡಿ ಕೇಳಿದಳು. “ಫುಟ್‌ಬಾಲಿಗೆ ಇಷ್ಟೆಲ್ಲಾ ಚೌಕ ಬೇಕೇನು?”

“ಬೇಕಾಗ್ತಾವ,” ಎಂದ ತವನಪ್ಪ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವ ಅಭ್ಯಾಸ ಅವನಿಗಿರಲಿಲ್ಲ. “ಇದು ನಿನ್ನ ಚೌಕ, ಅದು ಯಲ್ಲಾರಿ ಚೌಕ. ದೊಡ್ಡ ಮ್ಯಾಚಿನ್ಯಾಗ ಹಿಂಗ ಇರತೈತಿ.”

ಚೌಕಗಳ ಮೂಲೆಗೆ ಸಣ್ಣ ಸಣ್ಣ ಗೂಟ ಬಡಿದಿದ್ದರು. ಕಾಲಿಗೆ ಚುಚ್ಚುತ್ತವೆ ಎಂದು ತವನಪ್ಪ ಅವನ್ನೆಲ್ಲ ಕಿತ್ತು ಬೇವಿನ ಬುಡಕ್ಕೆ ಒಟ್ಟಿದ. ಒಂದು ಅವನ ಕಣ್ಣು ತಪ್ಪಿತು. ಅದಕ್ಕೆ ಎಡವಿ ಯಲ್ಲಾರಿ ಮೊದಲ ಓಟದಲ್ಲೇ ಮೊಣಕಾಲು ಕೆತ್ತಿಕೊಂಡ. ಆಮೇಲೆ ಅದನ್ನೂ ಕಿತ್ತರು.

ಒಂದು ಚೌಕದೊಳಗೆ ಮೂರು ಕಲ್ಲುಗಳು ಇದ್ದವು. ಹೊಳೆಯ ನುಣುಪು ಕಲ್ಲು, ಮೇಲೆ ಅರಿಶಿಣದ ಬೊಟ್ಟು.

“ಮುಟ್ಟಬ್ಯಾಡ ಗುಡ್ಡಿ, ಯಾರೋ ಪೂಜಾ ಮಾಡ್ಯಾರ,” ಎಂದ ಯಲ್ಲಾರಿ.

“ಮಾಸ್ತರನ ಮಾಡಿರ್ತಾರ. ಮ್ಯಾಚ್ ಐತಲ್ಲ, ಅದಕ್ಕ,” ಎಂದಳು ಗುಡ್ಡಿ. “ಗೋಲ್‌ಪೋಸ್ಟಿಗೆ ಇಟ್ಟಾರ. ಇಡೂ ಜಾಗಾ ಗೊತ್ತಾಗಿಲ್ಲ ಅವರಿಗೆ.”

ಅವಳೇ ಎರಡು ಕಲ್ಲನ್ನು ಎತ್ತಿಕೊಂಡು ಹೋಗಿ ಬಯಲಿನ ತುದಿಗೆ ಗೋಲ್ ಮಾಡಿದಳು. ಮೂರನೆಯ ಕಲ್ಲು ಕುಳಿತುಕೊಳ್ಳಲು ಚೆನ್ನಾಗಿತ್ತು. ದಣಿದವರೆಲ್ಲ ಸರದಿಯ ಮೇಲೆ ಕುಳಿತರು.

ಅಂದಿನ ಆಟವೇ ಆಟ! ಗೆರೆ ಬಂದ ಮೇಲೆ ಜಗಳಕ್ಕೂ ಒಂದು ದಾರಿ ಸಿಕ್ಕಿತ್ತು. ಚೆಂಡು ಗೆರೆ ದಾಟಿತು, ದಾಟಲಿಲ್ಲ, ಔಟು, ಔಟಲ್ಲ. ಬೇವಿನ ಮರದ ಬಾಜೂ ಯಲ್ಲಾರಿ ಒಂದು ಗೋಲು ಹೊಡೆದ. “ಚೆಂಡು ಮೊದಲ ಗೆರಿ ಹೊರಗ ಹೋಗಿತ್ತು, ಗೋಲ್ ಅಲ್ಲ!” ಎಂದು ತವನಪ್ಪ ನೆಲಕ್ಕೆ ಕೂತು ಬೆರಳಿಟ್ಟು ತೋರಿಸಿದ. ಅಷ್ಟು ಹೊತ್ತಿಗೆ ಅಲ್ಲಿನ ಗೆರೆ ಎಲ್ಲರ ಕಾಲಿಗೆ ಸಿಕ್ಕು ಪುಡಿಯಾಗಿತ್ತು. ಗೆರೆ ಇಲ್ಲಿತ್ತು ಎಂದು ಇವನು, ಇಲ್ಲ ಅಲ್ಲಿತ್ತು ಎಂದು ಅವನು. ಇಬ್ಬರ ನಡುವೆ ಒಂದು ಗೇಣು ಅಂತರ. ಆ ಒಂದು ಗೇಣಿಗೆ ಇಬ್ಬರೂ ಮಾತು ಬಿಟ್ಟರು, ಮತ್ತೆ ಸ್ವಲ್ಪ ಹೊತ್ತಿಗೆ ಮಾತು ಹಿಡಿದರು.

ಯಲ್ಲಾರಿಯ ತಂಗಿ ಮರೆವ್ವ ಇನ್ನೂ ಶಾಲೆಗೆ ಸೇರದ ಪುಟ್ಟಿ. ಅವಳು ಒಂದು ಚೌಕದ ಮೂಲೆಯಲ್ಲಿ ಹರಳುಗಳನ್ನು ಜೋಡಿಸಿಕೊಂಡು ಕೂತಿದ್ದಳು.

“ಏಳ, ಚೆಂಡು ಬಡೀತೈತಿ!” ಎಂದು ಗುಡ್ಡಿ ಗದರಿದಳು.

“ಇದು ನಮ್ಮನಿ. ಇವು ನಮ್ಮ ಗಡಗಿ,” ಎಂದು ಮರೆವ್ವ ಹರಳು ತೋರಿಸಿದಳು.

“ಮನಿ ಅಲ್ಲ ಇದು, ಗ್ರೌಂಡ್!”

ಮರೆವ್ವ ಅಳುತ್ತ ಎದ್ದು ಹೋದಳು. ಸಂಜೆ ಹೊತ್ತಿಗೆ ಮೈದಾನದಲ್ಲಿ ಒಂದು ಗೆರೆಯೂ ಉಳಿದಿರಲಿಲ್ಲ. ಸುಣ್ಣವೆಲ್ಲ ಮಕ್ಕಳ ಕಾಲಿಗೆ ಬಂದಿತ್ತು.

ಗುಡ್ಡಿ ಹಾಡು ಗುನುಗುತ್ತ ಮನೆಗೆ ಬಂದಳು. ಬಾಗಿಲಲ್ಲೇ ಕುಳಿತಿದ್ದ ಆಯಿ ಅವಳ ಕಾಲು ನೋಡಿದಳು. ಬೆರಳಿನಿಂದ ಒರೆಸಿ ಮೂಗಿನ ಹತ್ತಿರ ಹಿಡಿದಳು.

“ಸುಣ್ಣ ಎಲ್ಲೀದು?”

“ಗ್ರೌಂಡಿಂದು! ಆಯೀ, ಮಾಸ್ತರ ನಮಗ ಗೆರಿ ಹೊಡಿಸಿದ್ರು. ಗೋಲಿಗೆ ಕಲ್ಲೂ ಇಟ್ಟಿದ್ರು, ಅರಿಶಿಣ ಹಚ್ಚಿ! ಆಡಿ ಆಡಿ ಎಲ್ಲಾ ಅಳಿಸಿ ಹೋತು. ನಾ ಇವತ್ತ ಒಂದೂ ಗೋಲ್ ಬಿಡಲಿಲ್ಲ ಗೊತ್ತೇನು? ಯಲ್ಲಾರಿಂದು ಒಂದು ಹೋತು, ಅದು ಗೋಲ್ ಅಲ್ಲ ಬಿಡು.”

ಆಯಿ ಬೈಯಲಿಲ್ಲ. ಬೈದಿದ್ದರೆ ಗುಡ್ಡಿ ಹೆದರುತ್ತಿರಲಿಲ್ಲ. ಆಯಿ ಸುಮ್ಮನೆ ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಹೊಳೆಯ ಕಡೆ ನೋಡುತ್ತ ಕುಳಿತಳು. ಗುಡ್ಡಿ ಸುಣ್ಣದ ಕಾಲನ್ನು ಹಿಂದಕ್ಕೆ ಎಳೆದುಕೊಂಡಳು.

“ಕಲ್ಲು ನಾ ಇಟ್ಟಿದ್ದೆ ಯವ್ವಾ,” ಎಂದಳು ಆಯಿ ಕೊನೆಗೆ. “ಅವು ನಮ್ಮ ಒಲಿ ಕಲ್ಲು.”

ಅಷ್ಟರಲ್ಲಿ ಅಪ್ಪ ಪರಸಪ್ಪ ಹೊಲದ ಕೂಲಿ ಮುಗಿಸಿ ಬಂದ. ವಿಷಯ ಕೇಳಿ ಅವನೂ ಹೆಗಲ ಮೇಲಿನ ಟವೆಲ್ ತೆಗೆದು ನೆಲಕ್ಕೆ ಕುಳಿತ. ಗುಡ್ಡಿಗೆ ಎಲ್ಲವೂ ತಿಳಿದದ್ದು ಆಗಲೇ.

ಗೆರೆ ಹೊಡೆದವರು ಮಾಸ್ತರರಲ್ಲ. ಶುಕ್ರವಾರ ಗುಡ್ಡಿ ಅವ್ವನ ಜೊತೆ ಭಟ್ಟಿಗೆ, ಉಳಿದ ಹುಡುಗರು ದನ ಮೇಯಿಸಲು ಹೋಗಿದ್ದಾಗ ಹುಕ್ಕೇರಿಯಿಂದ ಜಾಗ ಅಳೆಯುವ ಮೋಜಣಿದಾರ ಬಂದಿದ್ದ. ಹಳೇ ಸಾಲಿಯ ಜಾಗವನ್ನು ಹೊಳೆದಂಡೆ ಓಣಿಯವರ ಮನೆಗಳಿಗೆ ಕೊಡಬೇಕೆಂದು ಸರಕಾರ ಒಪ್ಪಿತ್ತು. ಒಂದೊಂದು ಚೌಕ ಒಂದೊಂದು ಮನೆ. ಯಾವುದು ಯಾರದೆಂದು ಮೋಜಣಿದಾರ ಅಂದೇ ಹೇಳಿ ಹೋಗಿದ್ದ. ಸೋಮವಾರ ತಾಲೂಕಿನ ಮಾಮಲೇದಾರ ಸಾಹೇಬರು ಬಂದು, ಇದು ನಿನ್ನದು, ಇದು ನಿನ್ನದು ಎಂದು ನಿಲ್ಲಿಸಿ ಕೊಡುವವರಿದ್ದರು.

“ನನಗ ಯಾಕ ಹೇಳಲಿಲ್ಲ?” ಎಂದಳು ಗುಡ್ಡಿ.

“ಕೈಗೆ ಬರೂತನಕ ಬಾಯಿ ಬಿಡಬಾರದು ಅಂತ ನಾವ ಮಾತಾಡ್ಕೊಂಡಿದ್ವಿ,” ಎಂದ ಅಪ್ಪ. “ಹಿಂದ ಒಮ್ಮೆ ಹಿಂಗ ಆಗಿತ್ತು. ಊರ ತುಂಬ ಸುದ್ದಿ ಆತು, ಕೆಲಸ ಕೆಟ್ಟು ಹೋತು. ತಂಬಾಕಿನ ಸಾವಕಾರನೂ ಆ ಜಾಗಾ ಗೋದಾಮಿಗೆ ಕೇಳ್ಯಾನ. ಸೋಮವಾರ ಸಾಹೇಬ್ರು ಬಂದಾಗ ಗೆರಿ ಇಲ್ಲ, ಗೂಟ ಇಲ್ಲ ಅಂದ್ರ ಆಂವ ಬಿಡ್ತಾನೇನು? ‘ಅಳತೀನ ಆಗಿಲ್ರಿ, ಮಳಿ ಮುಗೀಲಿ, ಆಮ್ಯಾಲ ನೋಡೂಣು’ ಅಂತಾನ. ಸಾಹೇಬ್ರೂ ಹೂಂ ಅಂತಾರ. ಮೋಜಣಿದಾರ ಬ್ಯಾರೆ ಊರಿಗೆ ಹೋಗ್ತಾನ.”

ಮಳೆ ಅಂದರೆ ಏನೆಂದು ಆ ಮನೆಗೆ ಗೊತ್ತಿತ್ತು. ಹೋದ ಮಳೆಗಾಲದಲ್ಲಿ ಹೊಳೆ ಒಲೆಯ ತನಕ ಬಂದಿತ್ತು. ಅಪ್ಪ ಬುದ್ಧನ ಪಟ ತಲೆಯ ಮೇಲೆ ಹೊತ್ತಿದ್ದ, ಅವ್ವ ಜೋಳದ ಗಡಿಗೆ ಹೊತ್ತಿದ್ದಳು. ಗುಡ್ಡಿ ಆಡಿನ ಮರಿಯನ್ನು ಎತ್ತಿಕೊಂಡಿದ್ದಳು. ಆ ಮರಿ ಕೈಯಿಂದ ಜಾರಿತು. ಇಟ್ಟಂಗಿ ಹಿಡಿಯುವ ಕೈಯಿಂದಲೇ ಜಾರಿತು. ಅದನ್ನು ಅವಳು ಇವತ್ತಿಗೂ ಯಾರ ಹತ್ತಿರವೂ ಆಡುವುದಿಲ್ಲ.

“ಹೊಸ ಮನಿ ಏಳೂದಕ್ಕ ಮೊದಲ ಅಲ್ಲಿ ಒಲಿ ಕುಂದರಬೇಕು,” ಎಂದಳು ಆಯಿ. ಅದು ಓಣಿಯ ಪದ್ಧತಿ. ಮನೆಯಲ್ಲಿ ಹಿರಿಯ ಹೆಂಗಸು ಹೊಳೆಯಿಂದ ಮೂರು ಕಲ್ಲು ಆರಿಸಿ ತಂದು ಬರಿ ನೆಲದಲ್ಲಿ ಇಡಬೇಕು. ಗೋಡೆ, ಮಾಡು ಎಲ್ಲ ಆಮೇಲೆ. ಆಯಿ ಬುದ್ಧನಿಗೂ ಕೈ ಮುಗಿಯುತ್ತಾಳೆ, ಒಲೆಗೂ ಕೈ ಮುಗಿಯುತ್ತಾಳೆ. ಒಬ್ಬರಿಗೆ ಮುಗಿದರೆ ಇನ್ನೊಬ್ಬರು ಸಿಟ್ಟಾಗುವವರಲ್ಲ ಎಂದು ಅವಳ ನಂಬಿಕೆ.

“ನಿಮ್ಮಪ್ಪ ಸಣ್ಣಾಂವ ಇದ್ದಾಗ ಆ ಸಾಲಿ ಒಳಗ ಕಾಲ ಇಡಾಕ ಬಿಡ್ತಿರಲಿಲ್ಲ ನಮ್ಮ ಹುಡುಗೂರನ್ನ. ಹೊರಗ ಕಟ್ಟಿ ಮ್ಯಾಲ ಕುಂತು, ಕಿಡಕ್ಯಾಗ ಇಣಿಕಿ ಅಕ್ಷರ ಕಲ್ತಾನ. ಬಿಸಲಾಗ, ಮಳ್ಯಾಗ. ನಾ ಕಲ್ಲು ಇಟ್ಟದ್ದು ಒಳಗ. ಮಾಸ್ತರ ಖುರ್ಚಿ ಇತ್ತಲ್ಲ, ಅಲ್ಲೇ.” ಹೇಳುವಾಗ ಆಯಿಯ ಮುಖದಲ್ಲಿ ಸಣ್ಣ ನಗು ಬಂತು. ಮರುಕ್ಷಣ ಆರಿತು.

ಅವತ್ತು ಗುಡ್ಡಿಗೆ ರೊಟ್ಟಿ ಇಳಿಯಲಿಲ್ಲ. ತವನಪ್ಪನ ಹಾಗೆ ಹೇಳಿಕೊಳ್ಳುವ ಮಾತಲ್ಲ, ಖರೆಯಾಗಿಯೂ ಇಳಿಯಲಿಲ್ಲ.

ಬೆಳಗಾಗುತ್ತಲೇ ಅವಳು ಎಲ್ಲರನ್ನೂ ಬೇವಿನ ಮರದ ಕೆಳಗೆ ಸೇರಿಸಿದಳು. ನಡೆದದ್ದನ್ನು ಒಂದೇ ಉಸಿರಿಗೆ ಹೇಳಿದಳು. ಯಲ್ಲಾರಿ ತಲೆ ತಗ್ಗಿಸಿ ನಿಂತಿದ್ದ. ಅವನ ಮನೆಯೂ ಅದೇ ಓಣಿಯಲ್ಲಿ. ನಿನ್ನೆ ರಾತ್ರಿ ಅವನಿಗೂ ವಿಷಯ ಗೊತ್ತಾಗಿತ್ತು, ಜೊತೆಗೆ ಎರಡು ಏಟೂ ಬಿದ್ದಿದ್ದವು.

ತವನಪ್ಪ ಚೆಂಡನ್ನು ನೆಲಕ್ಕೆ ಇಟ್ಟ.

“ಹಂಗಾದ್ರ ನಮ್ಮ ಗ್ರೌಂಡ್?” ಎಂದ.

ಹುಡುಗರು ಬಯಲಿನ ಕಡೆ ನೋಡಿದರು.

“ಫಾಲ್ಸ್ ಟೀಮಿಗೆ ಏನ್ ಹೇಳೂದು? ಈಗ ಗೆರಿ ಇಲ್ಲ. ನಾವು ಸುಮ್ಮನ ಇದ್ರ...” ಅಲ್ಲಿಗೆ ಅವನ ಮಾತು ನಿಂತಿತು. ಅವನು ಪೂರ್ತಿ ಮಾಡದಿದ್ದರೂ ಎಲ್ಲರಿಗೂ ತಿಳಿಯಿತು. ಸುಮ್ಮನಿದ್ದರೆ ಗ್ರೌಂಡು ಉಳಿದೀತು, ಇನ್ನೊಂದು ವರ್ಷವಾದರೂ.

ನಿಜ ಹೇಳಬೇಕೆಂದರೆ ಗುಡ್ಡಿಯ ಮನಸ್ಸಿನಲ್ಲೂ ಆ ಮಾತು ರಾತ್ರಿ ಒಂದು ಸಲ ಹಾದು ಹೋಗಿತ್ತು. ಗೋಲ್ ಮುಂದೆ ನಿಂತಾಗ ಅವಳು ಕೂಲಿಯವಳ ಮಗಳಲ್ಲ, ಹೊಳೆದಂಡೆ ಓಣಿಯವಳೂ ಅಲ್ಲ. ಬರಿ ಗೋಲ್‌ಕೀಪರ್. ಅಂಥ ಜಾಗವನ್ನು ಬಿಟ್ಟುಕೊಡುವುದು ಸುಲಭವೇ?

“ಹೋದ ಮಳಿಗಾಲದಾಗ ನಾ ಸಾಲಿಗೆ ಬಂದಿರಲಿಲ್ಲ, ನೆನಪೈತೇನು?” ಎಂದಳು.

“ನಿನಗ ಜ್ವರ ಬಂದಿತ್ತು,” ಎಂದ ತವನಪ್ಪ.

“ಜ್ವರ ಅಲ್ಲ. ಮನಿಯಾಗ ಹೊಳಿ ಬಂದಿತ್ತು. ನಮ್ಮ ಆಡಿನ ಮರಿ ಹೋತು. ನನ್ನ ಕೈಯಾಗಿಂದ ಹೋತು.”

ತವನಪ್ಪ ಕುಕ್ಕರಗಾಲಲ್ಲಿ ಕೂತು ಚೆಂಡಿನ ಹೊಲಿಗೆಯನ್ನು ಉಗುರಿನಿಂದ ಕೆರೆದ. ಆಮೇಲೆ ಅದನ್ನು ಎತ್ತಿ ಮರದ ಕೊಂಬೆಯ ನಡುವೆ ಸಿಕ್ಕಿಸಿದ.

“ಗೂಟ ಕಿತ್ತಾಂವ ನಾನ,” ಎಂದ. “ನಡೀರಿ, ಮಾಸ್ತರ ಕಡೆ ಸುಣ್ಣ ತರೂಣು.”

ರಾಜಪ್ಪ ಮಾಸ್ತರರು ಹೊಸ ಶಾಲೆಯ ಗೋಡೆಗೆ ಹಚ್ಚಿ ಉಳಿದಿದ್ದ ಸುಣ್ಣದ ಪುಡಿ ಕೊಟ್ಟರು, ಉದ್ದ ಹಗ್ಗ ಕೊಟ್ಟರು. ವಿಷಯ ಕೇಳಿ, “ಅಲ್ರಪಾ, ಗೆರಿ ಎಲ್ಲಿದ್ದುವು ಅನ್ನೂದು ನಿಮಗ ಹ್ಯಾಂಗ ಗೊತ್ತಾಗತೈತಿ?” ಎಂದು ತಾವೂ ಹಿಂದೆಯೇ ಬಂದರು.

ಹೌದಲ್ಲ! ಬಯಲು ಈಗ ಅಕ್ಷರ ಒರೆಸಿದ ಪಾಟಿಯ ಹಾಗಿತ್ತು. ಮಕ್ಕಳು ಮುಖ ಮುಖ ನೋಡಿಕೊಂಡರು.

ಆಗ ಗುಡ್ಡಿ ಯಲ್ಲಾರಿಯ ಮೊಣಕಾಲು ನೋಡಿದಳು. ಅದರ ಮೇಲೆ ಕರಿ ಹಕ್ಕಳೆ ಕಟ್ಟಿತ್ತು.

“ಯಲ್ಲಾರಿ, ನಿನ್ನೆ ನೀ ಎಲ್ಲಿ ಬಿದ್ದಿ?”

“ಇಲ್ಲೇ... ಇಲ್ಲ, ಸ್ವಲ್ಪ ಆ ಕಡೆ. ತವನಪ್ಪ ಚೆಂಡು ಒದ್ದ, ನಾ ಓಡಿ ಬಂದೆ, ಧಡಕ್ಕನ ಬಿದ್ದೆ.”

“ಹೇಳಬ್ಯಾಡ. ಮತ್ತ ಓಡಿ ಬಾ. ನಿನ್ನೆ ಆಡಿದ ಆಟಾನ ಮತ್ತ ಆಡೂಣು!”

ಚೆಂಡಿಲ್ಲದ ಅಂಥ ಆಟವನ್ನು ಆ ಊರು ಎಂದೂ ಕಂಡಿರಲಿಲ್ಲ. ತವನಪ್ಪ ಇಲ್ಲದ ಚೆಂಡನ್ನು ಒದ್ದ. ಯಲ್ಲಾರಿ ಓಡಿ ಬಂದು ಮೆಲ್ಲಗೆ ಬಿದ್ದ. ಬಿದ್ದಲ್ಲಿ ಮಣ್ಣು ಗೋರಿ ನೋಡಿದರೆ ಗೂಟದ ತೂತು! “ಸಿಕ್ತು!” ಎಂದು ಎಲ್ಲರೂ ಕುಣಿದರು. ಗೂಟ ತಂದು ಬಡಿದರು.

ಅಲ್ಲಿಂದ ಒಂದೊಂದೇ ಜಗಳ ನೆನಪಾಗತೊಡಗಿತು. ಇಲ್ಲಿ ಔಟ್ ಅಂದಿದ್ದೆ. ಇಲ್ಲಿ ನೀನು ನನ್ನ ಅಂಗಿ ಹಿಡಿದು ಎಳೆದಿದ್ದೆ. ಮಾಸ್ತರರು ವರ್ಷವಿಡೀ ಹೇಳಿಕೊಟ್ಟ ಮಗ್ಗಿ ಮರೆಯುವ ಹುಡುಗರಿಗೆ ನಿನ್ನೆಯ ಒಂದು ಜಗಳವೂ ಮರೆತಿರಲಿಲ್ಲ. ಮಾಸ್ತರರು ಹಗ್ಗದ ತುದಿ ಹಿಡಿದುಕೊಂಡು ಅದನ್ನೇ ಯೋಚಿಸುತ್ತಿದ್ದಂತೆ ಕಂಡಿತು.

ಒಂದು ಮೂಲೆ ಮಾತ್ರ ಯಾರಿಗೂ ನೆನಪಾಗಲಿಲ್ಲ. ಗುಡ್ಡಿ ಸುತ್ತ ನೋಡಿ, ದೂರದಲ್ಲಿ ನಿಂತಿದ್ದ ಮರೆವ್ವನ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕುಳಿತಳು.

“ಮರೆವ್ವಾ, ನಿನ್ನೆ ನಿಮ್ಮನಿ ಎಲ್ಲಿತ್ತು?”

“ನೀ ಬೈತಿ.”

“ಬೈಯೂದಿಲ್ಲ. ತೋರಸು. ಅದು ಖರೇನ ಮನಿ.”

ಮರೆವ್ವ ಗಂಭೀರವಾಗಿ ನಡೆದುಹೋಗಿ ಒಂದು ಕಡೆ ನಿಂತಳು. ಅವಳ ಕಾಲ ಕೆಳಗೆ ಹರಳಿನ ಗಡಿಗೆಗಳು ಮಣ್ಣಿನಲ್ಲಿ ಹುದುಗಿದ್ದವು. ಅವುಗಳ ಬಾಜೂದಲ್ಲೇ ತೂತು.

ಬೇವಿನ ಮರದ ಹತ್ತಿರ ಬಂದಾಗ ಕೆಲಸ ನಿಂತಿತು. ಅಲ್ಲಿ ತೂತು ಸಿಗಲಿಲ್ಲ. ಗೆರೆ ಇಲ್ಲಿತ್ತು ಎಂದ ಯಲ್ಲಾರಿ, ಅಲ್ಲಿತ್ತು ಎಂದ ತವನಪ್ಪ. ಅದೇ ಒಂದು ಗೇಣು. ಕೊನೆಗೆ ಯಲ್ಲಾರಿಯ ಕಾಲಿಗೆ ಗಾಯವಾಗಿದೆ ಎಂದು ಅವನ ಮಾತಿನಂತೆ ಗೆರೆ ಎಳೆದರು. ತವನಪ್ಪ ಒಪ್ಪಿದ, ಆದರೆ ಗೊಣಗುವುದನ್ನು ಬಿಡಲಿಲ್ಲ.

ಇನ್ನು ಕಲ್ಲು. ಮೂರೂ ಕಲ್ಲನ್ನು ತೊಳೆದು ತಂದ ಗುಡ್ಡಿ ತಮ್ಮ ಚೌಕದೊಳಗೆ ಮೊಣಕಾಲೂರಿ, ಧೂಳನ್ನು ಬೆರಳಿನಿಂದ ಮೆಲ್ಲಗೆ ಸರಿಸುತ್ತ ಹೋದಳು. ಸರಿಸಿದಳು, ಸರಿಸಿದಳು. ಒಂದು ಕಡೆ ಕೆಂಪು ಮಣ್ಣಿನ ನಡುವೆ ಹಳದಿ ಕಂಡಿತು. ಚಿಟಿಕೆಯಷ್ಟೇ ಅರಿಶಿಣ.

ಅವಳು ಕಲ್ಲು ಇಡಲಿಲ್ಲ. ಓಡಿ ಹೋಗಿ ಆಯಿಯ ಕೈ ಹಿಡಿದು ಕರೆದುಕೊಂಡು ಬಂದಳು. ಆಯಿ ಗೆರೆಗಳನ್ನು ನೋಡಿದಳು, ಸುಣ್ಣ ಮೆತ್ತಿದ ಮಕ್ಕಳ ಮುಖ ನೋಡಿದಳು. ಕೆಳಗೆ ಕುಳಿತು ಮೂರು ಕಲ್ಲನ್ನೂ ಮತ್ತೆ ಇಟ್ಟಳು.

ಸೋಮವಾರ ಮಾಮಲೇದಾರ ಸಾಹೇಬರ ಜೀಪು ಬಂತು. ಮೋಜಣಿದಾರನೂ ಬಂದ. ತಂಬಾಕಿನ ಸಾವಕಾರ ಕರೆಯದಿದ್ದರೂ ಬಂದ.

“ಸಾಹೇಬ್ರ, ಈ ಗೆರಿ ಹುಡುಗೂರು ಎಳದದ್ದು. ನಾನ ಕಣ್ಣಾರೆ ನೋಡೇನಿ,” ಎಂದು ಅವನು ಶುರು ಮಾಡಿದ.

ಪರಸಪ್ಪನ ಮುಖ ಕಪ್ಪಿಟ್ಟಿತು. ಅಪ್ಪನ ಹಿಂದಿನಿಂದ ಗುಡ್ಡಿ ಮುಂದೆ ಬಂದಳು.

“ಹೌದ್ರಿ,” ಎಂದಳು. “ಅಳಿಸಿದವರೂ ನಾವರಿ. ಫುಟ್‌ಬಾಲ್ ಗ್ರೌಂಡ್ ಅಂತ ತಿಳ್ಕೊಂಡು ಆಡಿದ್ವಿ. ತಪ್ಪಾತ್ರಿ. ಮತ್ತ ಇದ್ದಾಂಗ ಎಳದೇವ್ರಿ. ಬೇಕಾದ್ರ ಅಳದು ನೋಡ್ರಿ.”

ಸಾಹೇಬರು ಮೋಜಣಿದಾರನ ಕಡೆ ನೋಡಿದರು. ಅವನು ಏನೋ ಗೊಣಗುತ್ತ ಅಳತೆಯ ಸರಪಳಿ ಬಿಚ್ಚಿದ. ಒಂದು ಚೌಕ ಅಳೆದ. ಹುಬ್ಬು ಮೇಲೆ ಹೋಯಿತು. ಇನ್ನೊಂದು ಅಳೆದ, ಮತ್ತೊಂದು ಅಳೆದ. ಮಕ್ಕಳು ಅವನ ಹಿಂದೆಯೇ ನಡೆದರು. ಬೇವಿನ ಮರದ ಹತ್ತಿರ ಅವನು ನಿಂತ.

“ಎಲ್ಲಾ ಬರೋಬ್ಬರಿ ಅದಾವ್ರಿ ಸಾಹೇಬ್ರ. ಇಲ್ಲೊಂದು ಮಾತ್ರ ತಪ್ಪೈತಿ. ಗೆರಿ ಇಲ್ಲಿ ಅಲ್ಲ, ಒಂದು ಗೇಣು ಈ ಕಡೆ.”

“ನಾ ಹೇಳಿದ್ನಿಲ್ಲೋ!” ಎಂದು ತವನಪ್ಪ ಕಿರಿಚಿದ. “ಔಟ್! ಚೆಂಡು ಔಟ್ ಆಗಿತ್ತು! ಅದು ಗೋಲ್ ಅಲ್ಲ!”

“ಏನಲೇ ಅದು?” ಎಂದು ಸಾಹೇಬರು ಬೆಚ್ಚಿ ಕೇಳಿದರು. ರಾಜಪ್ಪ ಮಾಸ್ತರರು ನಡೆದದ್ದನ್ನೆಲ್ಲ ಬಿಡಿಸಿ ಹೇಳಿದಾಗ ಅವರಿಗೆ ನಗು ತಡೆಯಲಾಗಲಿಲ್ಲ. ಮೋಜಣಿದಾರನೂ ನಕ್ಕ. ನಗುತ್ತಲೇ ಆ ಗೆರೆಯನ್ನು ಸರಿಪಡಿಸಿದ. ಸಾವಕಾರ ಮಾತ್ರ ನಗಲಿಲ್ಲ. ಬಿಸಿಲು ಜಾಸ್ತಿಯಾಯಿತು ಅನ್ನುತ್ತ ಕೊಡೆ ಬಿಚ್ಚಿಕೊಂಡು ಹೊರಟುಹೋದ.

ಮಧ್ಯಾಹ್ನದ ಹೊತ್ತಿಗೆ ಓಣಿಯವರೆಲ್ಲ ತಂತಮ್ಮ ಚೌಕದೊಳಗೆ ನಿಂತಿದ್ದರು. ಪರಸಪ್ಪ ಹಳೇ ಸಾಲಿಯ ಹೊರಗಿನ ಕಟ್ಟೆ ಮೊದಲು ಇದ್ದ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತ. ಆಮೇಲೆ ಗೆರೆ ದಾಟಿ ಒಳಗೆ ಬಂದು ಒಲೆಯ ಪಕ್ಕ ಕುಳಿತ. ಅಪ್ಪನ ಕಣ್ಣಲ್ಲಿ ನೀರು ಬಂದದ್ದನ್ನು ಗುಡ್ಡಿ ಅಂದೇ ಮೊದಲು ನೋಡಿದ್ದು.

ಮಳೆ ಬರುವ ಮೊದಲೇ ಗುಡಿಸಲುಗಳನ್ನು ಬಿಚ್ಚಿ ತಂದು ಹೊಸ ಜಾಗದಲ್ಲಿ ಎಬ್ಬಿಸಿದರು. ಮಣ್ಣಿನ ಗೋಡೆಗಳು ನಿಧಾನವಾಗಿ ಏಳತೊಡಗಿದವು. ಫಾಲ್ಸ್ ಟೀಮಿಗೆ ತವನಪ್ಪ ಮಾವನ ಕೈಯಲ್ಲಿ ಹೇಳಿ ಕಳಿಸಿದ: ಈಗ ಬರಬ್ಯಾಡ್ರಿ, ನಮ್ಮ ಗ್ರೌಂಡಿನ್ಯಾಗ ಮನಿ ಬಂದಾವ.

ಆ ವರ್ಷ ಹೊಳೆ ಹೋದ ವರ್ಷಕ್ಕಿಂತ ಮೇಲೆ ಬಂತು. ಗುಡ್ಡಿ ಹೊಸ ಹೊಸ್ತಿಲ ಮೇಲೆ ನೀರು ತಾಗದ ಕಾಲು ಚಾಚಿ ಕೂತು, ತಮ್ಮ ಹಳೆಯ ಓಣಿಯ ಮೇಲೆ ನೀರು ಹರಿಯುವುದನ್ನು ನೋಡಿದಳು. ಒಳಗೆ ಆಯಿ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು.

ನೀರು ಇಳಿದು, ಬಿಸಿಲು ಬಿದ್ದು, ಜೋಳ ತೆನೆ ಹಿಡಿಯುವ ಹೊತ್ತಿಗೆ ಹೊಳೆದಂಡೆ ಒಣಗಿತು. ಹೊಳೆ ತಂದು ಹಾಸಿದ ಮಣ್ಣು ಸಪಾಟಾಗಿ ಕೂತಿತ್ತು. ಗುಡಿಸಲುಗಳಿದ್ದ ಗುರುತೇ ಇರಲಿಲ್ಲ. ಮಣ್ಣಿನಿಂದ ತಲೆ ಎತ್ತಿದ್ದವು ಮೂರು ಕರಿ ಕಲ್ಲು ಮಾತ್ರ. ಹಳೆಯ ಒಲೆಯ ಕಲ್ಲನ್ನು ಹೊಸ ಮನೆಗೆ ತರಬಾರದೆಂದು ಆಯಿ ಅಲ್ಲೇ ಬಿಟ್ಟಿದ್ದಳು.

“ಇಲ್ಲೇನು ಅಡ್ಡಿ ಐತಿ?” ಎಂದು ತವನಪ್ಪ ಕಾಲಿನಿಂದ ನೆಲ ತಟ್ಟಿ ನೋಡಿದ. “ಮೊದಲಿನಕಿಂತ ಚಲೋ ಗ್ರೌಂಡ್ ಆಗತೈತಿ! ಲೇ ಯಲ್ಲಾರಿ, ಸುಣ್ಣ ತಾ. ಗೆರಿ ಹೊಡಿಯೂಣು!”

ಯಲ್ಲಾರಿ ಓಡಲು ಹೊರಟ. ಗುಡ್ಡಿ ಅವನ ಅಂಗಿ ಹಿಡಿದು ನಿಲ್ಲಿಸಿದಳು.

ಆಯಿ ಹೊಳೆಗೆ ಅರಿವೆ ಒಗೆಯಲು ಬಂದಿದ್ದಳು. ಗುಡ್ಡಿ ಅವಳ ಹತ್ತಿರ ಹೋಗಿ ಕೇಳಿದಳು.

“ಆಯೀ, ಇಲ್ಲಿ ಯಾರದರೆ ಏನರೆ ಐತೇನು? ನಾವು ಗೆರಿ ಹೊಡೀಬಹುದಾ?”

ಆಯಿ ಅರಿವೆಯ ಗಂಟನ್ನು ಕೆಳಗಿಟ್ಟು ಮೊಮ್ಮಗಳನ್ನು ಅಡಿಯಿಂದ ಮುಡಿಯ ತನಕ ಒಮ್ಮೆ ನೋಡಿದಳು.

“ಹೊಳೀದು ಐತಿ ಯವ್ವಾ,” ಎಂದಳು. “ಅದು ಬಂದಾಗ ಬಿಟ್ಟು ಕೊಡ್ರಿ. ಅಲ್ಲೀತನಕ ಆಡ್ರಿ.”

ಎರಡು ಕರಿ ಕಲ್ಲು ಗೋಲಿಗೆ ಹೋದವು. ಮೂರನೆಯದನ್ನು ಗುಡ್ಡಿ ಸೆರಗಿಲ್ಲದ ತನ್ನ ಪರಕಾರದ ಅಂಚಿನಿಂದ ಒರೆಸಿ, ಗೆರೆಯ ಹೊರಗೆ ನೆರಳಿನಲ್ಲಿ ಇಟ್ಟಳು. ಒಗೆಯುವ ಅರಿವೆ ಕಾಯಲಿ ಎಂದುಕೊಂಡು ಆಯಿ ಅದರ ಮೇಲೆ ಕುಳಿತಳು.

ಗುಡ್ಡಿ ಎರಡು ಕಲ್ಲುಗಳ ನಡುವೆ ಹೋಗಿ ನಿಂತಳು. ಇಲ್ಲೇ ಎಲ್ಲೋ ಆಡಿನ ಮರಿಯನ್ನು ಕಟ್ಟುತ್ತಿದ್ದ ಗೂಟ ಇತ್ತು. ಅವಳು ಎರಡೂ ಅಂಗೈಯನ್ನು ಉಜ್ಜಿಕೊಂಡು, ಬಗ್ಗಿ, ಚೆಂಡಿನ ಕಡೆ ನೋಡಿದಳು.

“ಒದಿಯೋ ತವನಪ್ಪಾ,” ಎಂದಳು.